ಟೈಲರಮ್ಮನ ನಲವತ್ತು ಇಂಚು

ಎರಡೇ ಎರಡು ಇಂಚು. ಬೆಳಿಗ್ಗೆ ಒಂಬತ್ತಕ್ಕೆ ಬಡಗಿ ಹೆಗಲ ಮೇಲೆ ಹೊತ್ತು ತಂದ ಹಲಗೆ ಇರಬೇಕಾದ್ದಕ್ಕಿಂತ ಅಷ್ಟು ಗಿಡ್ಡವಾಗಿತ್ತು. ಎರಡು ಇಂಚಿನ ಸಂದಿಯಲ್ಲಿ ಇಲಿ ನುಗ್ಗಬಹುದು, ಕತ್ತರಿ ಬೀಳಬಹುದು. ಇಪ್ಪತ್ತು ವರ್ಷ ಜೋಪಾನ ಮಾಡಿದ ಹೆಸರೂ ಬಿದ್ದುಹೋಗಬಹುದು ಅನ್ನುವುದು ಟೈಲರಮ್ಮನಿಗೆ ಅವತ್ತೇ ಗೊತ್ತಾದದ್ದು.

"ನಲವತ್ತು ಅಂದ್ರಿ, ನಲವತ್ತು ತಂದಿದೀನಿ," ಅಂದ ಬಡಗಿ.

"ನಾನು ನಲವತ್ತೇ ಅಂದಿದ್ದು. ನೀವು ತಂದಿರೋದು ಮೂವತ್ತೆಂಟು."

ಗೋಡೆಯ ಕಡೆ ಒಂದು ಮರದ ಪಟ್ಟಿ, ಬೀರುವಿನ ಕಡೆ ಇನ್ನೊಂದು. ಹಲಗೆ ಎರಡರ ಮೇಲೂ ಕೂರಬೇಕು. ಅದೋ ಮೋಟು ಕಂಬಳಿಯ ಹಾಗೆ, ತಲೆ ಮುಚ್ಚಿದರೆ ಕಾಲು ಹೊರಗೆ. ಟೈಲರಮ್ಮನ ಗಂಡ ಬಸ್ ಡಿಪೋದಲ್ಲಿ ಗುಮಾಸ್ತ. ಹೆಂಡತಿಯ ದೊಡ್ಡ ದಿನ ಅಂತ ರಜೆ ಹಾಕಿದ್ದ. ಬೀಳುತ್ತಿದ್ದ ತುದಿಗೆ ಹೆಗಲು ಕೊಟ್ಟು ನಿಂತ.

"ಹೀಗೇ ನಿಂತಿರ್ಲಾ? ಪರದೆ ಎಳೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ."

"ಸಂಜೆ ನಾಲ್ಕರ ತನಕ ನಿಂತಿರ್ತೀರಾ?"

"ಆಫೀಸಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಕೂತಿರ್ತೀನಿ."

ನಾಲ್ಕಕ್ಕೆ ವಸತಿ ಸಂಘದವರು ಬರುವವರಿದ್ದರು. ಕಟ್ಟಡದಲ್ಲಿ ಇಪ್ಪತ್ನಾಲ್ಕು ಮನೆ. ಒಂದೇ ಅಚ್ಚಿನಲ್ಲಿ ತೆಗೆದ ಬಿಸ್ಕತ್ತಿನ ಹಾಗೆ ಎಲ್ಲವೂ ಒಂದೇ ಥರ: ಹನ್ನೆರಡಕ್ಕೆ ಹತ್ತಡಿಯ ಮುಂಕೋಣೆ, ಹಿಂದೆ ಒಂದು ಮಲಗುವ ಕೋಣೆ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಅಡುಗೆಮನೆ. ಎಲ್ಲರ ಮುಂಕೋಣೆಯನ್ನೂ ಒಟ್ಟಿಗೆ ಹೊಸದು ಮಾಡಿಸೋಣ, ಮರ ಒಟ್ಟಿಗೆ ತಂದರೆ ಅಗ್ಗ ಎಂದು ಸಂಘ ತೀರ್ಮಾನಿಸಿ ಆರು ತಿಂಗಳಾಗಿತ್ತು. ಯಾರ ಮಾದರಿ ಅನ್ನುವುದೊಂದು ಉಳಿದಿತ್ತು. ಒಂದು ಕಡೆ ಯಾವುದೋ ಕಂಪನಿಯ ಹೊಳೆಯುವ ಪುಸ್ತಕ. ಅದರ ಚಿತ್ರಗಳಲ್ಲಿ ಬಿಳಿ ಗೋಡೆ, ಬಿಳಿ ಸೋಫಾ, ಸೋಫಾದ ಮೇಲೆ ಒಂದು ಬಿಳಿ ಬೆಕ್ಕು ಇದ್ದವೇ ಹೊರತು ಒಗೆಯಬೇಕಾದ ಬಟ್ಟೆ, ಮುರಿದ ಛತ್ರಿ, ಜಗಳವಾಡುವ ಮಕ್ಕಳು ಎಲ್ಲೂ ಇರಲಿಲ್ಲ. ಇನ್ನೊಂದು ಕಡೆ ಟೈಲರಮ್ಮನ ಕೋಣೆ. ಇದು ಒಪ್ಪಿಗೆಯಾದರೆ ಇಪ್ಪತ್ನಾಲ್ಕು ಮನೆಯ ಉಸ್ತುವಾರಿಯೂ ಅವಳದೇ.

ಕೋಣೆ ಹಾಗಿತ್ತು. ಹೊಸದಾಗಿ ಕೊಂಡದ್ದೆಂದರೆ ಮೊಳೆ ಮತ್ತು ಗೋಂದು. ಕೆಡವಿದ ಆಸ್ಪತ್ರೆಯೊಂದರ ಎರಡು ಬಾಗಿಲು ತಂದು ಬೀರು ಮಾಡಿದ್ದಳು. ಒಂದರ ಮೇಲೆ 'ತಳ್ಳಿ' ಎಂದು ಬರೆದಿದ್ದ ಹಿತ್ತಾಳೆ ಪಟ್ಟಿ ಚೆನ್ನಾಗಿದೆ ಎಂದು ಹಾಗೇ ಬಿಟ್ಟಿದ್ದಳು. ಆ ಬಾಗಿಲು ಎಳೆದರೆ ಮಾತ್ರ ತೆರೆಯುತ್ತಿತ್ತು. ಬೀರುವಿನ ಕೆಳಗೆ ಅದೇ ಆಸ್ಪತ್ರೆಯ ತಳ್ಳುಗಾಡಿಯ ಚಕ್ರಗಳು. ಒಳಗಿನಿಂದ ರಾತ್ರಿ ಮಗಳ ಮಂಚ ಇಳಿಯುತ್ತಿತ್ತು, ಬೆಳಿಗ್ಗೆ ಮೇಲೆ ಹೋಗುತ್ತಿತ್ತು. ಕೋಟುಗಳ ಒಳಬಟ್ಟೆಯ ಇನ್ನೂರು ತುಂಡು ಸೇರಿಸಿದ ಪರದೆ ಕಿಟಕಿಯಲ್ಲಿ. ತೂತು ದೊಡ್ಡದಾದ ಹಿಟ್ಟಿನ ಜರಡಿಯೊಂದು ದೀಪದ ಬುಟ್ಟಿಯಾಗಿ ಛಾವಣಿಯಿಂದ ತೂಗುತ್ತಿತ್ತು. ದೀಪ ಹಾಕಿದರೆ ಗೋಡೆಯ ತುಂಬ ಬೆಳಕಿನ ಚುಕ್ಕಿ. ಹಗಲು ಅಂಗಡಿ, ಸಂಜೆ ಹಜಾರ, ರಾತ್ರಿ ಮಲಗುವ ಕೋಣೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳುವವರಿಗೆ, ಹಾಸಿಗೆಯನ್ನೇ ಮಡಚಿ ಬೀರುವಿನಲ್ಲಿಡುವ ಟೈಲರಮ್ಮ ಸಿಕ್ಕಿರಲಿಲ್ಲ.

ಎರಡು ವರ್ಷ ಹಿಡಿದಿತ್ತು ಅದಕ್ಕೆ. ಅಲ್ಲಿಯ ತನಕ ಅವಳು ಹೊಲಿದದ್ದೆಲ್ಲ ಬೇರೆಯವರ ಮೈಗೆ, ಬೇರೆಯವರು ಕೇಳಿದ ಹಾಗೆ. ತನ್ನ ಮನಸ್ಸಿನ ಅಳತೆಗೆ ಮಾಡಿಕೊಂಡದ್ದು ಇದೊಂದೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತರೆ, ಹೆರಿಗೆಯಾದ ಮರುದಿನ ಮಗಳ ಬೆರಳು ಎಣಿಸಿದ ಹಾಗೆ ಒಂದೊಂದನ್ನೂ ನೋಡುತ್ತಿದ್ದಳು. ಎಲ್ಲ ಇದೆಯಲ್ಲ ಅನ್ನುವುದೇ ಒಂದು ಸುಖ. ಇಪ್ಪತ್ನಾಲ್ಕು ಮನೆಗಳಲ್ಲೂ ಇದೇ ಬೆಳಕಿನ ಚುಕ್ಕಿ ಬಿದ್ದರೆ ಹೇಗಿರುತ್ತದೆ ಎಂದು ಯೋಚಿಸಿ ಯೋಚಿಸಿ ಹೊಲಿಗೆ ತಪ್ಪಿದ್ದೂ ಉಂಟು.

ಗಂಡನಿಗೆ ಅವಳಿಗಿಂತ ಆತುರ. ಬಾಗಿಲ ಪಕ್ಕದ 'ಹೊಲಿಗೆ' ಬೋರ್ಡನ್ನು ಹಿಂದಿನ ರಾತ್ರಿಯೇ ಬಿಚ್ಚಿ, ಅದರ ಹಿಂಬದಿಯಲ್ಲಿ 'ಮನೆಯ ಒಳಾಂಗಣ ವಿನ್ಯಾಸ' ಎಂದು ಬರೆದು ಒಣಗಲು ಗೋಡೆಗೆ ಒರಗಿಸಿದ್ದ. ಬಣ್ಣ ಅಗ್ಗದ್ದು, ಇನ್ನೂ ಒಣಗಿರಲಿಲ್ಲ.

ಇಷ್ಟೆಲ್ಲವನ್ನೂ ಅವಳು ಅಳೆದದ್ದು ಕೊರಳಲ್ಲಿ ಸದಾ ತೂಗುವ ಬಟ್ಟೆಯ ಟೇಪಿನಿಂದ. ಅದು ಅವಳ ಅಮ್ಮನದು. ಅಮ್ಮನೂ ಹೊಲಿಯುತ್ತಿದ್ದಳು. ಅಳತೆ ತಪ್ಪಿದರೆ ಮಾತು ತಪ್ಪಿದ ಹಾಗೆ ಎನ್ನುತ್ತ ಮಗಳ ಕೊರಳಿಗೆ ಹಾಕಿದ್ದಳು. ಟೈಲರಮ್ಮ ಅದರಲ್ಲೇ ಅಳೆದು, ತಾನೇ ಗರಗಸ ಹಿಡಿದು ಕೊಯ್ದು, ತಾನೇ ಜೋಡಿಸಿದ್ದಳು. ಎಲ್ಲವೂ ಬೆರಳಿಗೆ ಉಂಗುರ ಕೂತ ಹಾಗೆ ಕೂತಿದ್ದವು. ಕೊನೆಗೆ ಉಳಿದದ್ದು ಬಟ್ಟೆ ಕತ್ತರಿಸಲು, ಊಟಕ್ಕೂ ಆಗುವ ಒಂದು ದಪ್ಪ ಹಲಗೆ. ಅದು ತನ್ನ ಗರಗಸಕ್ಕೆ ಬಗ್ಗುವುದಿಲ್ಲ ಎಂದು ಮೊದಲ ಸಲ ಹೊರಗಿನವರಿಗೆ ಫೋನಿನಲ್ಲಿ ಅಳತೆ ಹೇಳಿದ್ದಳು.

"ನೋಡಿ," ಎಂದು ಅವಳು ಟೇಪನ್ನು ಹಲಗೆಯ ಮೇಲೆ ಹಾಸಿದಳು. "ಮೂವತ್ತೆಂಟು."

ಬಡಗಿ ಸೊಂಟದ ಬೆಲ್ಟಿನಿಂದ ಉಕ್ಕಿನ ಟೇಪು ಎಳೆದ. ಅದು ಹಾವಿನ ನಾಲಗೆಯ ಹಾಗೆ ಸರ್ರನೆ ಹೊರಬಂತು. "ನೋಡಿ. ನಲವತ್ತು."

"ನಿಮ್ಮ ಟೇಪು ಸರಿಯಿಲ್ಲ."

"ಇದು ಉಕ್ಕು ಅಮ್ಮಾ. ಉಕ್ಕು ಸುಳ್ಳು ಹೇಳಲ್ಲ."

"ಇದು ನಮ್ಮಮ್ಮಂದು. ನಮ್ಮಮ್ಮನೂ ಹೇಳ್ತಿರ್ಲಿಲ್ಲ."

ಜಗಳದ ವಾಸನೆಗೆ ಎದುರುಮನೆಯಕ್ಕ ಬಂದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೂ ಆತುರವಿರಲಿಲ್ಲ. ಟೈಲರಮ್ಮನ ಗಂಡನ ಹೆಗಲ ಮೇಲಿದ್ದ ಹಲಗೆಯನ್ನು ಒಮ್ಮೆ ತಟ್ಟಿ ನೋಡಿದಳು.

"ಅಯ್ಯೋ, ಇಷ್ಟಕ್ಕೆ ಇಷ್ಟು ರಂಪ ಯಾಕೆ. ಮರ ಒಣಗಿ ಮುದುಡಿದೆ ಕಣೇ. ಮುದುಕಿ ಕೆನ್ನೆ ಥರ. ನೀರು ಕುಡಿಸು, ಉಬ್ಬುತ್ತೆ. ನಮ್ಮನೆ ಬಾಗಿಲು ಮಳೆಗಾಲದಲ್ಲಿ ಹಾಕೋಕೇ ಆಗಲ್ಲ, ನೋಡಿಲ್ವಾ."

"ಮರ ಅಗಲಕ್ಕೆ ಉಬ್ಬುತ್ತೆ ತಾಯಿ, ಉದ್ದಕ್ಕೆ ಉಬ್ಬಲ್ಲ," ಅಂದ ಬಡಗಿ.

"ನಿಮಗೆ ಮರ ಗೊತ್ತು, ನನಗೆ ಬಾಗಿಲು ಗೊತ್ತು."

ಮುಳುಗುವವಳಿಗೆ ಹುಲ್ಲುಕಡ್ಡಿಯೂ ದೋಣಿ. ಟೈಲರಮ್ಮ ಹಲಗೆಗೆ ಒದ್ದೆ ಗೋಣಿ ಹೊದಿಸಿದಳು. ಜ್ವರ ಬಂದವರ ಹಣೆಗೆ ಬಟ್ಟೆ ಹಾಕಿದ ಹಾಗೆ ಅರ್ಧ ಗಂಟೆಗೊಮ್ಮೆ ಬದಲಾಯಿಸಿದಳು. ಹನ್ನೊಂದಕ್ಕೆ ಗೋಣಿ ಎತ್ತಿದಾಗ ಹಲಗೆಯ ಉದ್ದ ಇದ್ದಷ್ಟೇ ಇತ್ತು. ಮೇಲಿನ ಮೆರುಗು ಮಾತ್ರ ಬಿಳಿಚಿಕೊಂಡು ಮಜ್ಜಿಗೆ ಚೆಲ್ಲಿದಂತೆ ಕಾಣುತ್ತಿತ್ತು.

"ನಾನು ಆಗ್ಲೇ ಹೇಳ್ದೆ," ಅಂದ ಬಡಗಿ. ಅವನು ಇನ್ನೂ ಹೋಗಿರಲಿಲ್ಲ. ತನ್ನ ಟೇಪಿಗೆ ಆದ ಅವಮಾನ ತೀರುವ ತನಕ ಹೋಗುವ ಹಾಗೂ ಕಾಣಲಿಲ್ಲ.

ಕೊನೆಗೆ ಮೇಲಿನ ಮಹಡಿಯ ಲೆಕ್ಕದ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರ ದನಿ ಇನ್ನೂ ಕರಿಹಲಗೆಯ ಮುಂದೆಯೇ ನಿಂತಿತ್ತು. ಕಂಕುಳಲ್ಲಿ ಒಂದಡಿಯ ಮರದ ಅಳತೆಪಟ್ಟಿ ಇಟ್ಟುಕೊಂಡು ಬಂದರು. ನೆಲದ ಮೇಲೆ ಎರಡೂ ಟೇಪುಗಳನ್ನು ಪಕ್ಕಪಕ್ಕ ಮಲಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಇರುವೆ ಎಣಿಸುವವರ ಹಾಗೆ ತೆವಳಿದರು.

"ಅಮ್ಮಾ, ನಿನ್ನ ಟೇಪು ಹಿಗ್ಗಿದೆ. ಇದರ ಇಪ್ಪತ್ತು ಅಂದ್ರೆ ನಿಜವಾಗಿ ಇಪ್ಪತ್ತೊಂದು. ಇಪ್ಪತ್ತಕ್ಕೆ ಒಂದು ವ್ಯತ್ಯಾಸ. ಹಾಗಾದ್ರೆ ನಲವತ್ತಕ್ಕೆ?"

"ಎರಡು," ಅಂದ ಬಡಗಿ, ಕೈ ಕಟ್ಟಿಕೊಂಡು ನೆಟ್ಟಗೆ ನಿಂತು.

"ಭೇಷ್. ಕೂತ್ಕೊ."

ಟೈಲರಮ್ಮ ನೆಲಕ್ಕೆ ಬಗ್ಗಿದಳು. ಟೇಪನ್ನು ಎತ್ತಿ ಎರಡು ಕೈಯಲ್ಲಿ ಹಿಡಿದು ನೋಡಿದಳು. ಅಮ್ಮನ ಕೊರಳಲ್ಲಿ ಇಪ್ಪತ್ತೈದು ವರ್ಷ, ತನ್ನ ಕೊರಳಲ್ಲಿ ಇಪ್ಪತ್ತು. ಎಷ್ಟು ಎಳೆತ, ಎಷ್ಟು ಮೈಗಳ ಸುತ್ತು. ಹಿಗ್ಗದೆ ಏನು ಮಾಡೀತು.

"ಒಂದು ನಿಮಿಷ ಮೇಷ್ಟ್ರೇ," ಅಂದಳು ಎದುರುಮನೆಯಕ್ಕ. ಅವಳ ದನಿ ಬೇರೆಯಾಗಿತ್ತು. "ಈ ಟೇಪಲ್ಲಿ ನನ್ನ ಸೊಂಟ ಮೂವತ್ತೆರಡು. ಇಪ್ಪತ್ತು ವರ್ಷದಿಂದ ಮೂವತ್ತೆರಡೇ."

"ಮೂವತ್ತೆರಡಾ?" ಮೇಷ್ಟ್ರು ಛಾವಣಿ ನೋಡಿದರು. "ಹಾಗಾದ್ರೆ ಮೂವತ್ತಮೂರು ಪಾಯಿಂಟ್ ಆರು."

"ಪಾಯಿಂಟು ಬೇರೆ ಉಂಟಾ."

ಅಷ್ಟು ಹೇಳಿ ಎದುರುಮನೆಯಕ್ಕ ಹೊರಟಳು. ಎರಡನೇ ಸಲ ಇಟ್ಟ ಹಾಲೂ ಉಕ್ಕಿ ಒಲೆಯೆಲ್ಲ ಹರಿದ ವಾಸನೆ ಬರುತ್ತಿದ್ದರೂ ಅವಳು ಮನೆಗೆ ಹೋಗಲಿಲ್ಲ, ಮೆಟ್ಟಿಲು ಇಳಿದು ಸಂಘದ ಅಧ್ಯಕ್ಷೆಯ ಮನೆಯ ಕಡೆ ಹೋದಳು.

ಟೈಲರಮ್ಮ ಬೀರುವಿನಿಂದ ಅಳತೆ ಪುಸ್ತಕ ತೆಗೆದು ನೆಲದ ಮೇಲೆ ಕೂತಳು. ಒಂದೊಂದು ಹೆಂಗಸಿಗೆ ಒಂದೊಂದು ಪುಟ. ಎದುರುಮನೆಯಕ್ಕ: ಮೂವತ್ತೆರಡು, ಮೂವತ್ತೆರಡು, ಎರಡು ಹೆರಿಗೆಯ ನಂತರವೂ ಮೂವತ್ತೆರಡು. ಅಧ್ಯಕ್ಷೆ: ಮೂವತ್ನಾಲ್ಕು, ಹದಿನೆಂಟು ವರ್ಷ ಉದ್ದಕ್ಕೂ. ಪರವಾಗಿಲ್ಲ, ನಮ್ಮ ಕಟ್ಟಡದ ಹೆಂಗಸರು ಮೈ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಅವಳು ಅಂದುಕೊಂಡದ್ದುಂಟು. ಈಗ ಅರ್ಥವಾಯಿತು. ಅವರ ಜೊತೆಜೊತೆಗೇ ಟೇಪೂ ಸಡಿಲವಾಗುತ್ತ ಬಂದಿತ್ತು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ವಯಸ್ಸಾಗುವ ಅಕ್ಕತಂಗಿಯರ ಹಾಗೆ. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸಿದ್ದರಿಂದ ಬಟ್ಟೆ ಮಾತ್ರ ಎಂದೂ ತಪ್ಪಿರಲಿಲ್ಲ. ಅಂಗಡಿಯ ಸಿದ್ಧ ಉಡುಪು ಬಿಗಿ ಅಂತ ಯಾರಾದರೂ ಗೊಣಗಿದರೆ, "ಅವರು ಬಟ್ಟೆ ಕದೀತಾರೆ, ನಂಬರ್ ದೊಡ್ಡದು ಹಾಕ್ತಾರೆ," ಎಂದು ಇವಳೇ ಎಷ್ಟು ಸಲ ಸಮಾಧಾನ ಮಾಡಿದ್ದಳು. ಇಡೀ ಕಟ್ಟಡ ಅಂಗಡಿಯ ಬಟ್ಟೆ ಬಿಟ್ಟದ್ದೇ ಆ ಮಾತಿಗೆ.

ಈಗ ಕದ್ದವಳು ತಾನೇ ಅನ್ನಿಸಿತು.

ಹನ್ನೆರಡೂವರೆಗೆ ಸುದ್ದಿ ಕಟ್ಟಡವನ್ನು ಒಂದು ಸುತ್ತು ಹಾಕಿತ್ತು. ಮೆಟ್ಟಿಲಲ್ಲಿ ಸಿಕ್ಕಿದರೆ ನಿಂತು ಮಾತಾಡುತ್ತಿದ್ದ ಹೆಂಗಸರು ಅವತ್ತು ಅವಳನ್ನು ನೋಡಿ, ಹೊಟ್ಟೆಯ ಮೇಲೆ ಕೈಚೀಲ ಅಡ್ಡ ಹಿಡಿದು ಸರಸರ ದಾಟಿದರು. ಬಡಗಿ ಕೆಳಗೆ ನಿಂತು, "ಟೇಪೇ ನೆಟ್ಟಗಿಲ್ಲದವರು ಇಪ್ಪತ್ನಾಲ್ಕು ಮನೆ ನೆಟ್ಟಗೆ ಮಾಡ್ತಾರಂತೆ," ಎಂದು ಯಾರಿಗೋ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು.

"ಬೀರುವನ್ನೇ ಎರಡು ಇಂಚು ಈ ಕಡೆ ತಳ್ಳಿಬಿಡೋಣ," ಅಂದ ಗಂಡ, ಹೆಂಡತಿಯ ಮುಖ ನೋಡಲಾರದೆ.

"ಬೇಡ್ರೀ. ಎರಡು ಇಂಚು ಸರಿದ್ರೂ ಮಂಚ ಇಳಿಯೋ ಜಾಗ ಹೋಗುತ್ತೆ."

ಅವಳು ಹೇಳಿ ಮುಗಿಸುವ ಹೊತ್ತಿಗೆ ಅವನು ಚಕ್ರದ ಬಿಗಿ ಸಡಿಲಿಸಿ ಆಗಿತ್ತು. ಬಾಗಿಲ ಮೇಲೆ 'ತಳ್ಳಿ' ಎಂದು ಬರೆದಿತ್ತು. ಸರ್ಕಾರಿ ನೌಕರ, ಬರೆದದ್ದನ್ನು ಪಾಲಿಸಿದ. ಆಸ್ಪತ್ರೆಯ ಚಕ್ರಗಳಿಗೆ ಹಳೆಯ ತುರ್ತು ನೆನಪಾಯಿತೇನೋ, ಬೀರು ರೋಗಿಯನ್ನು ಹೊತ್ತ ಹಾಗೆ ಕೋಣೆಯ ಉದ್ದಕ್ಕೂ ಓಡಿತು. ಅದರ ಹಿಂದೆ ಅವನು. ಎದುರು ಗೋಡೆಗೆ ಢಿಕ್ಕಿಯಾದದ್ದೇ ಬಾಗಿಲು ತೆರೆದು ಮಂಚ ಇಳಿಯಿತು. ಅದರಿಂದ ತಪ್ಪಿಸಿಕೊಳ್ಳಲು ಹಿಂದೆ ಹಾರಿದ ಗಂಡ ಒಣಗದ ಬೋರ್ಡಿನ ಮೇಲೆ ಬೆನ್ನು ಊರಿ ಕೂತ. ಬಿಳಿಯ ಅಂಗಿಯ ಮೇಲೆ 'ವಿನ್ಯಾಸ' ಕನ್ನಡಿಯೊಳಗಿನ ಅಕ್ಷರದ ಹಾಗೆ ತಿರುವುಮುರುವಾಗಿ ಮೂಡಿತು. ಮಂಚದ ಹಿಂದೆಯೇ ಬೀರುವಿನ ತಲೆಯ ಮೇಲಿದ್ದ ದೊಡ್ಡ ತಗಡಿನ ಡಬ್ಬಿ ಬಿದ್ದು, ಬಾಯಿ ಬಿಚ್ಚಿ, ನೂರಾರು ಮರದ ಉರುಳೆಗಳು ಕೋಣೆಯ ತುಂಬ ಉರುಳಿದವು.

ದಾರ ಮುಗಿದ ಖಾಲಿ ಉರುಳೆಗಳು. ಪ್ಲಾಸ್ಟಿಕ್ಕಿನವು ಬರುವ ಮೊದಲಿನವು. ಅಮ್ಮನ ಕಾಲದವೂ ಇದ್ದವು. ಯಾವತ್ತಾದರೂ ಬೇಕಾಗುತ್ತವೆ ಎಂದು ಟೈಲರಮ್ಮ ಒಂದನ್ನೂ ಎಸೆದಿರಲಿಲ್ಲ. ಯಾವತ್ತು ಎಂದು ಗಂಡ ಆಗಾಗ ಕೇಳುತ್ತಿದ್ದ.

ಒಂದು ಉರುಳೆ ಉರುಳಿ ಬಂದು ಅವಳ ಪಾದಕ್ಕೆ ತಾಗಿ ನಿಂತಿತು. ಅವಳು ಅದನ್ನು ಎತ್ತಿದಳು. ನಡುವಿನ ತೂತಿನಿಂದ ಕಿಟಕಿಯನ್ನು ನೋಡಿದಳು. ಆಮೇಲೆ ಹಲಗೆಯನ್ನು ನೋಡಿದಳು.

"ರೀ, ಎದ್ದೇಳಿ. ಆ ಹಳೇ ಪರದೆ ಸರಳು ಎಲ್ಲಿದೆ?"

ಮೂರು ಗಂಟೆ ಹೊತ್ತು ಗಂಡಹೆಂಡತಿ ತಲೆ ಎತ್ತಲಿಲ್ಲ. ಸರಳನ್ನು ಎರಡು ತುಂಡು ಮಾಡಿ, ಮಣಿ ಪೋಣಿಸಿದ ಹಾಗೆ ಒಂದೊಂದಕ್ಕೂ ಉರುಳೆ ಪೋಣಿಸಿದರು. ಎರಡು ಕಂಬಗಳಾದವು. ಬೀರುವನ್ನು ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ಗೋಡೆಯ ಪಟ್ಟಿಯ ಮೇಲೆ, ಇನ್ನೊಂದನ್ನು ಆ ಕಂಬಗಳ ಮೇಲೆ ಕೂರಿಸಿದಳು. ಈ ಸಲ ಅವಳು ಯಾವ ಟೇಪನ್ನೂ ಮುಟ್ಟಲಿಲ್ಲ. ಕಂಬವನ್ನು ಹಲಗೆಯ ಪಕ್ಕ ನಿಲ್ಲಿಸಿ, ಕಣ್ಣಲ್ಲೇ ನೋಡಿ, ಒಂದು ಉರುಳೆ ತೆಗೆದಳು, ಒಂದು ಹಾಕಿದಳು. ಬಿಳಿಚಿದ ಮೆರುಗನ್ನು ಮರಳು ಕಾಗದದಿಂದ ಉಜ್ಜಿ ಎಣ್ಣೆ ಒರೆಸಿದರೆ, ಕೆಳಗಿದ್ದ ಮರದ ಗೆರೆಗಳು ಜೇನಿನ ಬಣ್ಣದಲ್ಲಿ ಎದ್ದುಬಂದವು. ಎದುರುಮನೆಯಕ್ಕನ ವೈದ್ಯದಿಂದ ಅಷ್ಟಾದರೂ ಆಯಿತು. ಬೀರುವಿಗೂ ಹಲಗೆಗೂ ನಡುವೆ ಉಳಿದ ಎರಡು ಇಂಚಿನ ಸಂದಿಯಲ್ಲಿ ದೊಡ್ಡ ಕತ್ತರಿ, ಸಣ್ಣ ಕತ್ತರಿ, ಬಟ್ಟೆಗೆ ಗೆರೆ ಎಳೆಯುವ ಪಟ್ಟಿಗಳನ್ನು ಸಾಲಾಗಿ ಇಳಿಬಿಟ್ಟಳು. ಒಂದೊಂದೂ ತನಗೆಂದೇ ಮಾಡಿದ ಗೂಡಿನಲ್ಲಿ ಕೂತ ಹಾಗೆ ಕೂತವು.

ದೂರ ನಿಂತು ನೋಡಿದಳು. ಹಲಗೆ ಸರಿಯಾಗಿ ಬಂದಿದ್ದರೆ ಇಷ್ಟು ಚೆನ್ನಾಗಿರುತ್ತಿರಲಿಲ್ಲ. ಎದೆಯೊಳಗೆ ಏನೋ ನೆಟ್ಟಗಾಯಿತು. ಬರಲಿ, ಎಲ್ಲರೂ ಬರಲಿ ಅಂದುಕೊಂಡಳು.

ನಾಲ್ಕಕ್ಕೆ ಸರಿಯಾಗಿ ಬಂದರು. ಮುಂದೆ ಅಧ್ಯಕ್ಷೆ, ಹಿಂದೆ ಸಮಿತಿಯ ಇಬ್ಬರು ಹೆಂಗಸರು, ಅವರ ಹಿಂದೆ ಕರೆಯದಿದ್ದರೂ ಎದುರುಮನೆಯಕ್ಕ, ಮೇಷ್ಟ್ರು, ಕೊನೆಗೆ ಬಡಗಿ. ಅಧ್ಯಕ್ಷೆ ಹಡಗು ದಡ ಸೇರುವ ಹಾಗೆ ನಿಧಾನವಾಗಿ ಒಳಗೆ ಬಂದು ನಡುವೆ ನಿಂತಳು. 'ತಳ್ಳಿ' ಎಂಬ ಬಾಗಿಲನ್ನು ತಳ್ಳಿದಳು, ಆಮೇಲೆ ಎಳೆದಳು. ಮಂಚವನ್ನು ಇಳಿಸಿ ಕೂತು ನೋಡಿದಳು, ಎತ್ತಿಸಿದಳು. ಜರಡಿಯ ದೀಪ ಹಾಕಿಸಿ, ತನ್ನ ಕೈಮೇಲೆ ಬಿದ್ದ ಚುಕ್ಕಿಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಉರುಳೆಯ ಕಂಬದ ಹತ್ತಿರ ಬಂದು ಬಗ್ಗಿದಳು. ಒಂದು ಉರುಳೆಯನ್ನು ಬೆರಳಿನಿಂದ ತಿರುಗಿಸಿದಳು. ಅದು ಗಿರ್ರನೆ ತಿರುಗಿತು.

"ಇದು ಯಾರ ತಲೆ?"

"ನನ್ನದೇ," ಅಂದಳು ಟೈಲರಮ್ಮ. ಇಷ್ಟು ವರ್ಷದಲ್ಲಿ ಆ ಮಾತನ್ನು ಅಷ್ಟು ಗಟ್ಟಿಯಾಗಿ ಅವಳು ಎಂದೂ ಹೇಳಿರಲಿಲ್ಲ.

"ಈ ಸಂದಿ?"

"ಕತ್ತರಿಗೆ ಬಿಟ್ಟಿದ್ದು."

ಬಡಗಿ ಕೆಮ್ಮಿದ. ಮೇಷ್ಟ್ರಿಗೆ ಅದು ತಡೆಯಲಾಗಲಿಲ್ಲ. ಅಸತ್ಯವನ್ನು ಕರಿಹಲಗೆಯ ಮೇಲೆ ಬಿಟ್ಟು ಮನೆಗೆ ಹೋದ ಮನುಷ್ಯನಲ್ಲ ಅವರು.

"ಕೋಣೆ ಉತ್ತಮ. ಆದರೆ ಒಂದು ವಿಷಯ ಸಮಿತಿಯ ಗಮನಕ್ಕೆ ಬರಬೇಕು. ಟೇಪಿನಲ್ಲಿ ದೋಷ ಇದೆ. ಇಪ್ಪತ್ತಕ್ಕೆ ಒಂದು. ಉದಾಹರಣೆಗೆ, ಮೂವತ್ನಾಲ್ಕು ಅಂತ ಬಂದರೆ..."

ಸಮಿತಿಯ ಹೆಂಗಸರು ಅಧ್ಯಕ್ಷೆಯ ಕಡೆ ತಿರುಗಿದರು. ಮೂವತ್ನಾಲ್ಕು ಯಾರದೆಂದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು; ಅಧ್ಯಕ್ಷೆಯೇ ಪ್ರತಿ ಸಭೆಯಲ್ಲೂ ಯಾವುದೋ ನೆಪದಲ್ಲಿ ಹೇಳುತ್ತಿದ್ದಳು.

"...ಮೂವತ್ತೈದು ಪಾಯಿಂಟ್ ಏಳು," ಎಂದು ಮೇಷ್ಟ್ರು ಮುಗಿಸಿದರು.

ಅಧ್ಯಕ್ಷೆ ಸೆರಗು ಸರಿಮಾಡಿಕೊಂಡಳು. "ಗಂಡಸರೆಲ್ಲ ಸ್ವಲ್ಪ ಹೊರಗಿರಿ. ಸಮಿತಿ ಚರ್ಚೆ ಮಾಡ್ಬೇಕು."

ಮೇಷ್ಟ್ರು, ಬಡಗಿ, ಬೆನ್ನ ಮೇಲೆ 'ವಿನ್ಯಾಸ' ಹೊತ್ತ ಗಂಡ ಮೂವರೂ ಹೊರಗೆ ಹೋದರು. ಬಾಗಿಲು ಮುಚ್ಚಿತು. ಟೈಲರಮ್ಮ ಕೊರಳಿನ ಟೇಪು ತೆಗೆದು ಹಲಗೆಯ ಮೇಲಿಟ್ಟಳು.

"ತಪ್ಪಾಯ್ತು. ಗೊತ್ತಿದ್ದು ಮಾಡಿದ್ದಲ್ಲ. ಇಪ್ಪತ್ತು ವರ್ಷ ನಿಮಗೆಲ್ಲ ಸುಳ್ಳು ಅಳತೆ ಹೇಳ್ದೆ."

"ಸುಳ್ಳು ಎಲ್ಲಿ ಬಂತು?" ಅಂದಳು ಅಧ್ಯಕ್ಷೆ. "ನೀನು ಹೊಲಿದ ಬಟ್ಟೆ ಯಾರಿಗಾದ್ರೂ ಒಂದಿನ ಬಿಗಿ ಆಗಿದೆಯಾ?"

"ಇಲ್ಲ."

"ಸಡಿಲ ಆಗಿದೆಯಾ?"

"ಇಲ್ಲ."

"ಮತ್ತೆ? ಮೈಗೆ ಸರಿಯಾಗಿ ಕೂತದ್ದು ಸುಳ್ಳಾ? ನಿನ್ನಂಥ ಕೈ ಈ ಊರಲ್ಲಿಲ್ಲ. ಆ ಕಂಪನಿ ಪುಸ್ತಕ ಇದ್ರ ಮುಂದೆ ರದ್ದಿ. ಇಪ್ಪತ್ನಾಲ್ಕು ಮನೆಗೂ ಇದೇ ಮಾದರಿ. ಅದ್ರಲ್ಲಿ ಎರಡು ಮಾತಿಲ್ಲ."

ಟೈಲರಮ್ಮನ ಕಣ್ಣು ತುಂಬಿತು. ಬೋರ್ಡಿನಲ್ಲಿ ಅಳಿಸಿಹೋದ ಅಕ್ಷರವನ್ನು ಮತ್ತೆ ಬರೆಸಬೇಕು, ಈ ಸಲ ಒಳ್ಳೆಯ ಬಣ್ಣದಲ್ಲಿ, ಎಂದು ಮನಸ್ಸು ಆಗಲೇ ಓಡಿತು.

"ಇನ್ನು ಉಸ್ತುವಾರಿ," ಅಂದಳು ಅಧ್ಯಕ್ಷೆ. "ನೀನು ಮನೆಮನೆಗೆ ಅಳೆಯೋಕೆ ಹೋದ್ರೆ, ಕೈಯಲ್ಲಿ ಯಾವ ಟೇಪು ಇರುತ್ತೆ?"

"ನಾಳೆನೇ ಉಕ್ಕಿಂದು ತರ್ತೀನಿ. ಇದನ್ನ ಇವತ್ತೇ ಬಿಸಾಕ್ತೀನಿ."

ನಾಲ್ಕು ಹೆಂಗಸರೂ ಒಟ್ಟಿಗೆ ಮುಂದಕ್ಕೆ ಬಂದರು. ಎದುರುಮನೆಯಕ್ಕ ಹಲಗೆಯ ಮೇಲಿದ್ದ ಟೇಪನ್ನು ಗಬಕ್ಕನೆ ಎತ್ತಿ ಎದೆಗೆ ಒತ್ತಿಕೊಂಡಳು.

"ಹುಚ್ಚೇನೇ ನಿಂಗೆ? ಇಪ್ಪತ್ತು ವರ್ಷದ ಮೂವತ್ತೆರಡನ್ನ ತಿಪ್ಪೆಗೆ ಹಾಕ್ತೀಯಾ?"

"ಉಕ್ಕಿನ ಟೇಪು ಈ ಮನೆಗೆ ಒಂದ್ಸಲ ಬಂದ್ರೆ ಗೋಡೆ ಹತ್ರ ಸುಮ್ನಿರುತ್ತಾ?" ಅಂದಳು ಸಮಿತಿಯವಳೊಬ್ಬಳು. "ಇವತ್ತು ಗೋಡೆ, ನಾಳೆ ನಾವು."

"ಅದೂ ಅಲ್ದೆ," ಅಂದಳು ಇನ್ನೊಬ್ಬಳು, "ನೀನು ಒಂದು ವರ್ಷ ಮರಮುಟ್ಟು ಅಂತ ಓಡಾಡಿದ್ರೆ ನಾವು ಎಲ್ಲಿಗೆ ಹೋಗ್ಬೇಕು? ಬೇರೆ ಟೈಲರ್ ಹತ್ರ ಹೋಗಿ ಅವನ ಬಾಯಲ್ಲಿ ಏನೇನು ಕೇಳ್ಬೇಕು?"

ಅಧ್ಯಕ್ಷೆ ಕೈ ಎತ್ತಿದಳು.

"ಗೋಡೆಗೆ ಅವನ ಟೇಪು. ನಮಗೆ ನಿನ್ನ ಟೇಪು. ಉಸ್ತುವಾರಿ ಬಡಗಿಗೆ ಇರಲಿ. ನೀನು ಕೂತ ಜಾಗದಿಂದ ಏಳೋದು ಬೇಡ, ಈ ಟೇಪು ಈ ಕೋಣೆ ಬಿಟ್ಟು ಹೊರಗೆ ಹೋಗೋದು ಬೇಡ. ಎಲ್ಲರೂ ಒಪ್ಪಿದ ಹಾಗೆ ಬರ್ಕೊಳ್ಳಿ."

"ಆದರೆ ಕೋಣೆ ಮಾಡಿದ್ದು ನಾನು..."

"ಯಾರು ಇಲ್ಲ ಅಂದ್ರು? ಕೇಳಿದವರಿಗೆಲ್ಲ ನಾವೇ ಹೇಳ್ತೀವಿ, ನಮ್ಮ ಟೈಲರಮ್ಮನ ತಲೆ ಅಂತ. ಹೆಮ್ಮೆ ನಮಗಿಲ್ವಾ?" ಎಂದು ಅಧ್ಯಕ್ಷೆ ಅವಳ ಬೆನ್ನು ತಟ್ಟಿದಳು. ಎದುರುಮನೆಯಕ್ಕ ಟೇಪನ್ನು ತಂದು, ಬಹುಮಾನದ ಹಾರ ಹಾಕುವ ಹಾಗೆ, ಟೈಲರಮ್ಮನ ಕೊರಳಿಗೆ ಹಾಕಿದಳು. ಆಮೇಲೆ ನಾಲ್ವರೂ, ಬಂದದ್ದು ಬಂದಾಗಿದೆಯಲ್ಲ ಎಂದು, ಒಬ್ಬೊಬ್ಬರಾಗಿ ಅಳತೆ ಕೊಟ್ಟು ಹೋದರು. ಯಾರ ಅಂಕಿಯೂ ಬದಲಾಗಿರಲಿಲ್ಲ.

ಸಂಜೆ ಗಂಡ ಬೋರ್ಡನ್ನು ಎತ್ತಿ ಹೊರಗೆ ತೂಗುಹಾಕಿದ. 'ಹೊಲಿಗೆ' ಮುಂದಕ್ಕೆ. ಅಂಗಿ ಬದಲಾಯಿಸಲು ಹೋದವನು ಬಾಗಿಲಲ್ಲಿ ನಿಂತು, "ಬೇಜಾರಾ?" ಅಂದ.

ಅವಳು ಜರಡಿಯ ದೀಪ ಹಾಕಿದಳು. ಬೆಳಕಿನ ಚುಕ್ಕಿ ಗೋಡೆಯ ಮೇಲೆ, ಉರುಳೆಯ ಕಂಬದ ಮೇಲೆ, ಅವನ ಬೆನ್ನಿನ ಅಕ್ಷರದ ಮೇಲೆ ಬಿತ್ತು. ಬೇಜಾರು ಇತ್ತು. ಇಪ್ಪತ್ತು ವರ್ಷ ಬೇರೆಯವರ ಮೈ ಸುತ್ತಿದವಳು ನಾಳೆಯೂ ಅದನ್ನೇ ಸುತ್ತಬೇಕು. ಆದರೂ ಈ ಕೋಣೆಯನ್ನು ನೋಡಿದರೆ ಬೇಜಾರು ಕೂರಲು ಜಾಗವೇ ಇರಲಿಲ್ಲ. ಇದ್ದ ಜಾಗವನ್ನೆಲ್ಲ ಅವಳೇ ಬಳಸಿಬಿಟ್ಟಿದ್ದಳು.

"ಅಂಗಿ ಕೊಡಿ, ನೆನೆಹಾಕ್ತೀನಿ," ಅಂದಳು.

ಬಾಗಿಲು ಬಡಿದ ಸದ್ದಾಯಿತು. ಬಡಗಿ. ಬೆಳಗಿನ ಜೋರು ಇರಲಿಲ್ಲ. ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ತಿಳಿಯದವನ ಹಾಗೆ ಮೂರು ಸಲ ಸರಿಸಿದ. ಉಸ್ತುವಾರಿ ಸಿಕ್ಕಿದ ಖುಷಿಯಲ್ಲಿ ಚುಚ್ಚಲು ಬಂದಿರಬೇಕು ಎಂದು ಟೈಲರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಅದೇನಿಲ್ಲ. ಒಂದು ಪ್ಯಾಂಟು ಹೊಲಿಸ್ಬೇಕಿತ್ತು."

"ಅಳತೆ ಎಷ್ಟು?"

ಬಡಗಿಯ ಕೈ ಅಭ್ಯಾಸ ಬಲದಿಂದ ಬೆಲ್ಟಿನ ಉಕ್ಕಿನ ಟೇಪಿಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿಯಿತು.

"ಅಂಗಡಿಯವರು ನಲವತ್ತೆರಡು ಅಂತಾರೆ. ಅವರು ಬಟ್ಟೆ ಕದೀತಾರಂತಲ್ಲ. ನಮ್ಮನೆಯವಳು ಹೇಳಿದ್ಲು, ಟೈಲರಮ್ಮನ ಹತ್ರಾನೇ ಹೋಗಿ, ಅವರ ಟೇಪಲ್ಲೇ ಅಳೆಸ್ಕೊಂಡು ಬನ್ನಿ ಅಂತ."

ಟೈಲರಮ್ಮ ಅವನನ್ನು ಒಂದು ಕ್ಷಣ ನೋಡಿದಳು. ಅಳತೆ ಪುಸ್ತಕ ತೆರೆದು ಹೊಸ ಪುಟದ ಮೇಲೆ 'ಬಡಗಿ' ಎಂದು ಬರೆದಳು. ಕೊರಳಿನಿಂದ ಟೇಪು ತೆಗೆದು ಅವನ ಸೊಂಟದ ಸುತ್ತ ತಂದಳು. ಅವನು ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಎಲ್ಲಿಗೋ ಒಳಗೆ ಎಳೆದುಕೊಂಡು, ಮುಖ ಕೆಂಪು ಮಾಡಿಕೊಂಡು ನಿಂತಿದ್ದ.

"ಹೊಟ್ಟೆ ಬಿಡಿ ಅಣ್ಣಾ," ಅಂದಳು. "ಈ ಟೇಪಿಗೆ ಅದೆಲ್ಲ ಬೇಕಾಗಿಲ್ಲ."

ಅವನು ಬಿಟ್ಟ. ಅವಳು ಓದಿದಳು.

"ನಲವತ್ತು."

ಈ ಸಲ ಬಡಗಿ ತಕರಾರು ಮಾಡಲಿಲ್ಲ.